ಮಾವಳ್ಳಿ ಟಿಫಿನ್ ರೂಮ್ಸ್: ಲಾಲ್‌ಬಾಗ್ ರಸ್ತೆಯ ಕಟ್ಟಡ ಮತ್ತು ಸಂಸ್ಥೆಯ ನೂರು ವರ್ಷ

ಮಾವಳ್ಳಿ ಟಿಫಿನ್ ರೂಮ್ಸ್ ಬೆಂಗಳೂರಿನ ಲಾಲ್‌ಬಾಗ್ ರಸ್ತೆಯಲ್ಲಿರುವ ಎರಡು ಅಂತಸ್ತಿನ ಹೋಟೆಲು. ಜನ ಅದನ್ನು ಕರೆಯುವುದು ಎಂಟಿಆರ್ ಎಂದು. 1924ರಲ್ಲಿ ಕಾಫಿ, ಇಡ್ಲಿ ಮಾರುವ ಸಣ್ಣ ಅಂಗಡಿಯಾಗಿ ಶುರುವಾದ ಈ ಸಂಸ್ಥೆ 1960ರಲ್ಲಿ ಈಗಿನ ಜಾಗಕ್ಕೂ ಈಗಿನ ಹೆಸರಿಗೂ ಬಂತು. 2024ರಲ್ಲಿ ನೂರು ವರ್ಷ ತುಂಬಿಸಿತು. ದಕ್ಷಿಣ ಬೆಂಗಳೂರು ಬಡಾವಣೆ ಬಡಾವಣೆಯಾಗಿ ಬೆಳೆದ ಕಾಲವೂ ಇದೇ. ಬಸವನಗುಡಿ, ವಿಶ್ವೇಶ್ವರಪುರ, ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಹಲವು ತಲೆಮಾರುಗಳು ಇಲ್ಲಿ ತಿಂಡಿ ತಿಂದು, ಕಾಫಿ ಕುಡಿದು, ಮಾತಾಡಿ ಎದ್ದುಹೋಗಿವೆ. ಈ ಲೇಖನ ಸಂಸ್ಥೆಯ ಹುಟ್ಟು, ಕಟ್ಟಡ, ಕಷ್ಟಕಾಲ ಮತ್ತು ವಿಸ್ತಾರವನ್ನು ಕಾಲಕ್ರಮದಲ್ಲಿ ವಿವರಿಸುತ್ತದೆ.

ಹಿನ್ನೆಲೆ: 1924ಕ್ಕೆ ಮುಂಚಿನ ಬೆಂಗಳೂರು

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಬೆಂಗಳೂರು ಎರಡು ಊರುಗಳಂತಿತ್ತು. ಒಂದು ಕಡೆ 1809ರಲ್ಲಿ ನೆಲೆಗೊಂಡ ಬ್ರಿಟಿಷ್ ದಂಡು, ಇನ್ನೊಂದು ಕಡೆ ಮೈಸೂರು ಸಂಸ್ಥಾನದ ಆಡಳಿತಕ್ಕೆ ಸೇರಿದ ಪೇಟೆ. ದಂಡಿನಲ್ಲಿ ಜನ ಕೂಡುವುದಕ್ಕೆ ಕಟ್ಟಡಗಳಿದ್ದವು. ಬೆಂಗಳೂರು ಕ್ಲಬ್ಬು 1868ರಿಂದ ನಡೆಯುತ್ತಿತ್ತು, ವೆಸ್ಟ್ ಎಂಡ್ ಹೋಟೆಲು 1887ರದು. ಸೈನಿಕರಿಗೆ ಕ್ಯಾಂಟೀನುಗಳೂ ಮದ್ಯದಂಗಡಿಗಳೂ ಇದ್ದವು. ಇಂಗ್ಲೆಂಡಿನ ಪಟ್ಟಣಗಳಲ್ಲಿ ಪೇಟೆ ನಡುವಿನ ಪಬ್ಬು ಮಾಡುವ ಕೆಲಸವನ್ನು ಇಲ್ಲಿ ಇವು ಮಾಡುತ್ತಿದ್ದವು. ಪೇಟೆಯ ಕಡೆ ಅಂಥ ಜಾಗ ಇರಲಿಲ್ಲ. ಮನೆಯ ಹೊರಗೆ ಉಣ್ಣುವುದು ಮಡಿವಂತ ಕುಟುಂಬಗಳಿಗೆ ಒಗ್ಗದ ವಿಷಯವಾಗಿತ್ತು. ಪ್ರಯಾಣಿಕರಿಗೆ ಛತ್ರಗಳು, ವಿದ್ಯಾರ್ಥಿಗಳಿಗೆ ವಾರಾನ್ನ, ನೆಂಟರಿದ್ದವರಿಗೆ ನೆಂಟರ ಮನೆ, ಇಷ್ಟೇ ಇದ್ದ ದಾರಿ.

ಆದರೆ ಊರು ಬದಲಾಗುತ್ತಿತ್ತು. 1898ರ ಪ್ಲೇಗಿನ ನಂತರ ಹಳೆಯ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರತರಲು ಬಸವನಗುಡಿ, ಮಲ್ಲೇಶ್ವರಗಳು ರೂಪುಗೊಂಡವು. 1905ರಲ್ಲಿ ವಿದ್ಯುತ್ ದೀಪ ಬಂತು. ಕಚೇರಿ, ಶಾಲೆ, ಗಿರಣಿಗಳಿಗೆ ಹೊರಗಿನಿಂದ ಬಂದು ನೆಲೆಸುವವರು ಹೆಚ್ಚಿದರು. ಮನೆಯಿಂದ ದೂರವಿದ್ದ ಗುಮಾಸ್ತನಿಗೆ, ಬಾಡಿಗೆ ಕೋಣೆಯಲ್ಲಿದ್ದ ವಿದ್ಯಾರ್ಥಿಗೆ, ಕೋರ್ಟಿನ ಕೆಲಸಕ್ಕೆ ಊರಿಂದ ಬಂದ ರೈತನಿಗೆ ನಂಬಿ ಉಣ್ಣುವ ಒಂದು ಜಾಗ ಬೇಕಾಗಿತ್ತು. ಚಿಕ್ಕಮಗಳೂರು, ಕೊಡಗಿನ ಕಾಫಿ ಅಷ್ಟರಲ್ಲಿ ಮನೆಮನೆಯ ರೂಢಿಯಾಗತೊಡಗಿತ್ತು. ಪೇಟೆಯ ಬೀದಿಗಳಲ್ಲಿ ಕಾಫಿ ಕ್ಲಬ್ಬುಗಳು ತಲೆಯೆತ್ತಿದವು. ಕ್ಲಬ್ಬು ಎಂಬ ಹೆಸರು ಇದ್ದರೂ ಸದಸ್ಯತ್ವವಾಗಲಿ ಚಂದಾ ಆಗಲಿ ಇಲ್ಲಿರಲಿಲ್ಲ. ಕಾಸು ಕೊಟ್ಟು ಕಾಫಿ ಕುಡಿಯುವ ಜಾಗ ಅದು.

ಈ ಕೆಲಸಕ್ಕೆ ಕೈ ಹಾಕಿದವರು ಕರಾವಳಿಯವರು. ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಜಮೀನು ಕಡಿಮೆ, ಕುಟುಂಬ ದೊಡ್ಡದು. 1923ರ ದೊಡ್ಡ ನೆರೆ ಇದ್ದ ಬೆಳೆಯನ್ನೂ ಕೊಚ್ಚಿಕೊಂಡು ಹೋಯಿತು. ಮಠ, ದೇವಸ್ಥಾನಗಳ ಸಮಾರಾಧನೆಗಳಲ್ಲಿ ಅಡುಗೆ ಕಲಿತಿದ್ದ ಉಡುಪಿ, ಕೋಟ, ಕುಂದಾಪುರ ಕಡೆಯ ಹುಡುಗರು ಘಟ್ಟ ಹತ್ತಿ ಮೈಸೂರು, ಬೆಂಗಳೂರು, ಮದ್ರಾಸು, ಮುಂಬಯಿಗಳಿಗೆ ಹೋದರು. ಉಡುಪಿ ಹೋಟೆಲು ಎಂದು ಮುಂದೆ ದೇಶವೆಲ್ಲ ಗುರುತಿಸಿದ ಪರಂಪರೆ ಹೀಗೆ ಬೆಳೆಯಿತು.

1924ರಿಂದ 1950: ಬ್ರಾಹ್ಮಿನ್ ಕಾಫಿ ಕ್ಲಬ್

ಸಾಲಿಗ್ರಾಮದ ಬಳಿಯ ಪಾರಂಪಳ್ಳಿಯಿಂದ ಬಂದ ಪರಮೇಶ್ವರ ಮಯ್ಯ, ಗಣಪ್ಪಯ್ಯ ಮಯ್ಯ ಮತ್ತು ಯಜ್ಞನಾರಾಯಣ ಮಯ್ಯ ಅಣ್ಣತಮ್ಮಂದಿರು. ಬೆಂಗಳೂರಿಗೆ ಬಂದ ಹೊಸತರಲ್ಲಿ ಅವರು ಮನೆಗಳಲ್ಲಿ ಅಡುಗೆ ಕೆಲಸ ಮಾಡಿದರು. ಕೆಲಸ ಕೊಟ್ಟವರ ನೆರವಿನಿಂದಲೇ 1924ರಲ್ಲಿ ಲಾಲ್‌ಬಾಗ್ ಫೋರ್ಟ್ ರಸ್ತೆಯಲ್ಲಿ ಒಂದು ಸಣ್ಣ ಜಾಗ ಹಿಡಿದು ಅಂಗಡಿ ತೆರೆದರು. ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್. ಮೊದಮೊದಲು ಸಿಗುತ್ತಿದ್ದದ್ದು ಕಾಫಿ ಮತ್ತು ಇಡ್ಲಿ.

ಆ ಕಾಲದ ಕಾಫಿ ಕ್ಲಬ್ಬುಗಳ ಕಟ್ಟಡಗಳಿಗೆ ಒಂದು ಸಾಮಾನ್ಯ ಮಾದರಿ ಇತ್ತು. ಬೀದಿಗೆ ಕಿರಿದಾದ ಮುಂಭಾಗ, ಹಿಂದಕ್ಕೆ ಉದ್ದವಾದ ನಿವೇಶನ. ಬಾಗಿಲಲ್ಲೇ ಗಲ್ಲಾಪೆಟ್ಟಿಗೆ, ನಡುವೆ ಬೆಂಚು, ಮೇಜುಗಳ ಅಂಕಣ, ಕೊನೆಯಲ್ಲಿ ಸೌದೆ ಒಲೆಯ ಅಡುಗೆಮನೆ, ಅದರಾಚೆ ನೀರಿನ ತೊಟ್ಟಿ. ಮಾಡು ಮಂಗಳೂರು ಹೆಂಚಿನದು, ಇಲ್ಲವೇ ಮರದ ತೊಲೆಗಳ ಮೇಲೆ ಇಟ್ಟಿಗೆ ಜೋಡಿಸಿ ಗಾರೆ ಹಾಕಿದ ಮದ್ರಾಸ್ ತಾರಸಿ. ಹೊಗೆ ಹೋಗಲು ಹೊಗೆಗೂಡು ಇದ್ದರೂ ಗೋಡೆಗಳು ಕಪ್ಪಾಗುತ್ತಿದ್ದವು. ಅಡುಗೆಮನೆ ಕತ್ತಲಲ್ಲಿತ್ತು. ಅಲ್ಲಿ ಏನು ನಡೆಯುತ್ತದೆ ಎಂಬುದು ಮೇಜಿನ ಮುಂದೆ ಕೂತವನಿಗೆ ಕಾಣುತ್ತಿರಲಿಲ್ಲ. ಅಡುಗೆ ಮಾಡಿದವರು ಯಾರು, ಶುಚಿ ಹೇಗೆ ಎಂಬ ಅನುಮಾನಕ್ಕೆ ಉತ್ತರವಾಗಿ ಬಂದದ್ದು ಅಂಗಡಿಯ ಹೆಸರು. ಬ್ರಾಹ್ಮಿನ್ ಎಂಬ ಮಾತು ಆ ಕಾಲದ ಅನೇಕ ಕಾಫಿ ಕ್ಲಬ್ಬುಗಳ ಫಲಕದಲ್ಲಿತ್ತು. ಊಟದ ಪಂಕ್ತಿಯಲ್ಲಿ ಜಾತಿಯ ಗೆರೆ ಎಳೆದಿದ್ದ ಸಮಾಜದ ಗುರುತೂ ಅದೇ ಆಗಿತ್ತು.

ಕೆಲವೇ ವರ್ಷಗಳಲ್ಲಿ ಪರಮೇಶ್ವರ ಮಯ್ಯರು ತೀರಿಕೊಂಡರು. ಹೋಟೆಲಿನ ಹೊಣೆ ಕ್ರಮೇಣ ಯಜ್ಞನಾರಾಯಣ ಮಯ್ಯರ ಹೆಗಲಿಗೆ ಬಂತು. ಎಂಟಿಆರ್ ಎಂದು ಇಂದು ನಾವು ಗುರುತಿಸುವ ಶಿಸ್ತು ಬಹುಪಾಲು ಅವರ ಕೊಡುಗೆ.

ಎರಡನೆಯ ಮಹಾಯುದ್ಧದ ಕಾಲ ಹೋಟೆಲುಗಳಿಗೆ ದೊಡ್ಡ ಪರೀಕ್ಷೆ. 1942ರಲ್ಲಿ ಬರ್ಮಾ ಜಪಾನಿನ ವಶವಾದಾಗ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ದಕ್ಷಿಣ ಭಾರತದಲ್ಲೆಲ್ಲ ಅಕ್ಕಿಯ ಅಭಾವ, ಪಡಿತರ. ಇಡ್ಲಿಯೇ ಮುಖ್ಯವಾಗಿದ್ದ ಅಡುಗೆಮನೆಗೆ ಅಕ್ಕಿ ಇಲ್ಲ. ಆಗ ಅಕ್ಕಿಯ ಬದಲು ಗೋಧಿ ರವೆ ಬಳಸಿ ಇಡ್ಲಿ ಮಾಡಿದ ಪ್ರಯೋಗದಿಂದ ರವೆ ಇಡ್ಲಿ ಹುಟ್ಟಿತು ಎಂಬುದು ಸಂಸ್ಥೆಯ ಇತಿಹಾಸದಲ್ಲಿ ನೆಲೆನಿಂತಿರುವ ಸಂಗತಿ. ಈ ತಿಂಡಿಯ ಜಾಣ್ಮೆ ಅದರ ಮಾಡುವ ಕ್ರಮದಲ್ಲಿದೆ. ರವೆಯನ್ನು ತುಪ್ಪದಲ್ಲಿ ಹದವಾಗಿ ಹುರಿಯುತ್ತಾರೆ. ಸಾಸಿವೆ, ಕಡಲೆಬೇಳೆ, ಹಸಿಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ ಕೊಡುತ್ತಾರೆ. ಮೊಸರಿನಲ್ಲಿ ಕಲಸಿ, ಅಡುಗೆ ಸೋಡಾ ಸೇರಿಸಿ, ಗೋಡಂಬಿಯಿಟ್ಟ ತಟ್ಟೆಗೆ ಸುರಿದು ಹಬೆಯಲ್ಲಿ ಬೇಯಿಸುತ್ತಾರೆ. ಅಕ್ಕಿ, ಉದ್ದು ನೆನೆಸುವ, ರುಬ್ಬುವ, ರಾತ್ರಿಯಿಡೀ ಹುದುಗು ಬರಲು ಕಾಯುವ ಕೆಲಸವೇ ಇಲ್ಲ. ಮೊಸರಿನ ಹುಳಿ ಮತ್ತು ಸೋಡಾ ಸೇರಿ ಹುದುಗಿನ ಕೆಲಸವನ್ನು ಕೆಲವೇ ನಿಮಿಷಗಳಲ್ಲಿ ಮುಗಿಸುತ್ತವೆ. ಜೊತೆಗೆ ಆಲೂಗಡ್ಡೆ ಸಾಗು, ಪುಟ್ಟ ಬಟ್ಟಲಲ್ಲಿ ತುಪ್ಪ. ಯುದ್ಧ ಮುಗಿದು ಅಕ್ಕಿ ಮತ್ತೆ ಬಂದರೂ ರವೆ ಇಡ್ಲಿ ಹೋಗಲಿಲ್ಲ. ಇಂದು ಕರ್ನಾಟಕದ ಅನೇಕ ಹೋಟೆಲುಗಳಲ್ಲಿ ಅದು ಸಿಗುತ್ತದೆ.

1951ರಿಂದ 1960: ಅಡುಗೆಮನೆ ಬೆಳಕಿಗೆ

ಸ್ವಾತಂತ್ರ್ಯದ ನಂತರ ಬೆಂಗಳೂರಿನ ರೂಪ ಬೇಗ ಬದಲಾಯಿತು. 1941ರಲ್ಲಿ ಸುಮಾರು 4 ಲಕ್ಷವಿದ್ದ ಜನಸಂಖ್ಯೆ 1951ರ ಹೊತ್ತಿಗೆ 7.8 ಲಕ್ಷ ಮುಟ್ಟಿತು. ಪೇಟೆ ಮತ್ತು ದಂಡು 1949ರಲ್ಲಿ ಒಂದೇ ಕಾರ್ಪೊರೇಷನ್ನಿನಡಿ ಬಂದವು. ಲಾಲ್‌ಬಾಗಿನ ದಕ್ಷಿಣಕ್ಕೆ 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿತ್ತು. ಲಾಲ್‌ಬಾಗಿನ ಪಕ್ಕದ ಮಾವಳ್ಳಿ ಈಗ ಊರ ಅಂಚಾಗಿ ಉಳಿಯಲಿಲ್ಲ. ಹಳೆಯ ಪೇಟೆಗೂ ಹೊಸ ಬಡಾವಣೆಗಳಿಗೂ ನಡುವಿನ ದಾರಿಯಾಯಿತು.

ಇದೇ ಕಾಲದಲ್ಲಿ, 1951ರಲ್ಲಿ, ಯಜ್ಞನಾರಾಯಣ ಮಯ್ಯರು ಯುರೋಪು ಪ್ರವಾಸ ಮಾಡಿದರು. ಅಲ್ಲಿನ ಹೋಟೆಲುಗಳು ನಡೆಯುವ ರೀತಿಯನ್ನು ಕಣ್ಣಾರೆ ನೋಡಬೇಕೆಂಬುದು ಅವರ ಉದ್ದೇಶ. ಅವರ ಗಮನ ಸೆಳೆದದ್ದು ಶುಚಿತ್ವ, ಶಿಸ್ತು ಮತ್ತು ಪಾತ್ರೆಗಳ ನಿರ್ವಹಣೆ. ಊರಿಗೆ ಮರಳಿದ ಮೇಲೆ ಅವರು ತಿಂಡಿಗಳ ಪಟ್ಟಿಗೆ ಕೈ ಹಾಕಲಿಲ್ಲ, ಅಡುಗೆಮನೆಯನ್ನೇ ತಿದ್ದಿದರು. ತಟ್ಟೆ, ಲೋಟ, ಚಮಚಗಳನ್ನು ಹಬೆಯಿಂದ ಶುದ್ಧಮಾಡುವ ಪದ್ಧತಿ ತಂದರು. ಕೆಲಸದವರ ಉಡುಪು, ನಡವಳಿಕೆಗೆ ನಿಯಮ ಮಾಡಿದರು. ಎಲ್ಲಕ್ಕಿಂತ ಮುಖ್ಯವಾಗಿ, ಗ್ರಾಹಕರು ಅಡುಗೆಮನೆಯನ್ನು ನೋಡಿಕೊಂಡೇ ಊಟದ ಕೋಣೆಗೆ ಹೋಗುವ ವ್ಯವಸ್ಥೆ ಮಾಡಿದರು.

ಹೋಟೆಲಿನ ವಾಸ್ತುವಿನ ದೃಷ್ಟಿಯಿಂದ ಇದು ಸಣ್ಣ ಬದಲಾವಣೆಯಲ್ಲ. ಹಿಂದಿನ ಮಾದರಿಯಲ್ಲಿ ಕಟ್ಟಡದ ಕೊನೆಯ ಕತ್ತಲಲ್ಲಿದ್ದ ಅಡುಗೆಮನೆ ಈಗ ಬರುವವರ ಕಣ್ಣೆದುರಿಗೆ ಬಂತು. ಒಲೆ, ಕಾವಲಿ, ಹಂಡೆ, ಭಟ್ಟರ ಕೈ ಎಲ್ಲವೂ ಕಾಣುವಂತಾಯಿತು. ಅಲ್ಲಿಯವರೆಗೆ ಫಲಕದ ಮೇಲಿನ ಜಾತಿಯ ಹೆಸರು ಕೊಡುತ್ತಿದ್ದ ಭರವಸೆಯನ್ನು ಈಗ ಕಣ್ಣಿಗೆ ಕಾಣುವ ಶುಚಿತ್ವ ಕೊಡತೊಡಗಿತು. ದೇಶದ ಕಾನೂನೂ ಅದೇ ದಿಕ್ಕಿನಲ್ಲಿ ಸಾಗಿತ್ತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೇ ವಿಧಿ ಸಾರ್ವಜನಿಕ ಹೋಟೆಲು, ಉಪಾಹಾರ ಗೃಹಗಳಿಗೆ ಹೋಗಲು ಜಾತಿ, ಮತ ಯಾವುದೂ ಅಡ್ಡಿಯಾಗಬಾರದೆಂದು ಹೆಸರಿಸಿಯೇ ಹೇಳಿತು. 1955ರಲ್ಲಿ ಅಸ್ಪೃಶ್ಯತೆಯ ಆಚರಣೆಗೆ ಶಿಕ್ಷೆ ವಿಧಿಸುವ ಕಾಯಿದೆ ಬಂತು. ಹೋಟೆಲು ಎಂಬುದು ಎಲ್ಲರಿಗೂ ಸೇರಿದ ಜಾಗವೆಂಬ ತಿಳಿವಳಿಕೆ ಗಟ್ಟಿಯಾದ ದಶಕ ಇದು.

1960: ಲಾಲ್‌ಬಾಗ್ ರಸ್ತೆಯ ಕಟ್ಟಡ

1960ರಲ್ಲಿ ಹೋಟೆಲು ಲಾಲ್‌ಬಾಗ್ ರಸ್ತೆಯ ಈಗಿನ ಜಾಗಕ್ಕೆ ಬಂತು. ಮಾವಳ್ಳಿ ಟಿಫಿನ್ ರೂಮ್ಸ್ ಎಂಬ ಹೆಸರೂ ಆಗಲೇ ಬಂದದ್ದು. ಜಾತಿಯ ಹೆಸರು ಇದ್ದ ಕಡೆ ಊರಿನ ಹೆಸರು ಕೂತಿತು.

ಜಾಗದ ಆಯ್ಕೆಯೇ ಅರ್ಧ ಯಶಸ್ಸು. ಹೈದರಾಲಿ 1760ರಲ್ಲಿ ಆರಂಭಿಸಿದ ಲಾಲ್‌ಬಾಗ್ ಇಲ್ಲಿಂದ ನಡೆದು ಹೋಗುವಷ್ಟು ಹತ್ತಿರ. ಬೆಳಗಿನ ವಾಯುವಿಹಾರ ಮುಗಿಸಿದವರಿಗೆ ದಾರಿಯಲ್ಲೇ ಕಾಫಿ. 1889ರಲ್ಲಿ ಅಡಿಗಲ್ಲು ಹಾಕಿದ ಗಾಜಿನ ಮನೆಯಲ್ಲಿ ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನಗಳ ಹೊತ್ತಿಗೆ ಫಲಪುಷ್ಪ ಪ್ರದರ್ಶನ ನಡೆದಾಗ ಹೊರ ಊರಿನ ಕುಟುಂಬಗಳು ಇಲ್ಲಿಗೂ ಬರುತ್ತವೆ. ಒಂದು ಕಡೆ ಮಿನರ್ವ ವೃತ್ತ, ಪೇಟೆಯ ವ್ಯಾಪಾರ. ಇನ್ನೊಂದು ಕಡೆ ಬಸವನಗುಡಿ, ಜಯನಗರದ ಮನೆಗಳು ಮತ್ತು ಕಾಲೇಜುಗಳು.

ಕಟ್ಟಡಕ್ಕೆ ಆಡಂಬರವಿಲ್ಲ. ಕಂಬಸಾಲಾಗಲಿ, ಕಮಾನಾಗಲಿ, ಗಾರೆಯ ಹೂಬಳ್ಳಿಯಾಗಲಿ ಅದರ ಗುರುತಲ್ಲ. ಅದರ ವೈಶಿಷ್ಟ್ಯ ಒಳಗಿನ ವಿಂಗಡಣೆಯಲ್ಲಿದೆ. ಒಂದೇ ದೊಡ್ಡ ಸಭಾಂಗಣ ಕಟ್ಟದೆ ಕೆಳಗೂ ಮೇಲೂ ಹಲವು ಕೋಣೆಗಳನ್ನು ಮಾಡಲಾಗಿದೆ. ಈ ಕೋಣೆಗಳಿಂದ ಎರಡು ಲಾಭ. ಗದ್ದಲ ಒಂದೆಡೆ ಸೇರುವುದಿಲ್ಲ, ಅಕ್ಕಪಕ್ಕದವರ ಮಾತು ಕಿವಿಗೆ ಬಡಿಯದೆ ನೆಮ್ಮದಿಯಾಗಿ ಕೂತು ತಿನ್ನಬಹುದು. ಹೆಂಗಸರು, ಮಕ್ಕಳೊಡನೆ ಬಂದ ಕುಟುಂಬಕ್ಕೆ ಮುಜುಗರವಿಲ್ಲದ ಮೂಲೆ ಸಿಗುತ್ತದೆ. ಹೆಂಗಸರು ಹೋಟೆಲಿಗೆ ಹೋಗುವುದೇ ಅಪರೂಪವಾಗಿದ್ದ ದಿನಗಳಲ್ಲಿ ಇದು ದೊಡ್ಡ ಅನುಕೂಲ. ಬೆಂಗಳೂರಿನ ಮಧ್ಯಮವರ್ಗದ ಮನೆಗಳಲ್ಲಿ ಎಲ್ಲರೂ ಸೇರಿ ಹೊರಗೆ ತಿಂಡಿಗೆ ಹೋಗುವ ರೂಢಿ ಬೆಳೆಯಲು ಇಂಥ ಕೋಣೆಗಳು ನೆರವಾದವು.

ಅಮೃತಶಿಲೆಯ ಮೇಲ್ಹಾಸಿನ ಮೇಜುಗಳು ಒಳಗಿನ ನೋಟವನ್ನು ನಿರ್ಧರಿಸುತ್ತವೆ. ಅವು ಚೆಂದಕ್ಕೆ ಮಾತ್ರ ಇಟ್ಟವಲ್ಲ. ಅಮೃತಶಿಲೆಗೆ ಬಿಸಿ ತಟ್ಟೆಯ ಭಯವಿಲ್ಲ, ಒದ್ದೆ ಬಟ್ಟೆಯಿಂದ ಒಂದು ಸಲ ಒರೆಸಿದರೆ ಜಿಡ್ಡು ಹೋಗುತ್ತದೆ, ಕೊಳೆಯಿದ್ದರೆ ಬಿಳಿಯ ಮೇಲೆ ಕೂಡಲೇ ಕಾಣುತ್ತದೆ. ಗೋಡೆಗಳ ಮೇಲೆ ಹಳೆಯ ಕಪ್ಪುಬಿಳುಪು ಚಿತ್ರಗಳಿವೆ. ಮೇಲಂತಸ್ತಿಗೆ ಕಿರಿದಾದ ಮೆಟ್ಟಿಲು. ಸರತಿಯಲ್ಲಿರುವವರು ಕಾಯಲು ಪ್ರತ್ಯೇಕ ಜಾಗವಿದೆ. ಭಾನುವಾರದ ಬೆಳಗ್ಗೆ ಆ ಜಾಗವೂ ಸಾಲದೆ ಸಾಲು ರಸ್ತೆಯ ಪಾದಚಾರಿ ದಾರಿಗೆ ಇಳಿಯುತ್ತದೆ. ಹೆಸರು ಹೇಳಿ ಸರತಿ ಬರುವವರೆಗೆ ಕಾಯುವುದೂ ಇಲ್ಲಿನ ಕ್ರಮದ ಭಾಗವೇ ಆಗಿದೆ. ಶ್ರೀಮಂತರಿಗೂ ಬಸ್ಸಿಳಿದು ಬಂದವರಿಗೂ ಒಂದೇ ಸರತಿ.

ಬಡಿಸುವ ಕ್ರಮವೂ ಕಟ್ಟಡದ ಭಾಗದಂತೆ ಸ್ಥಿರವಾಯಿತು. ಕೆಂಪಗೆ ಗರಿಗರಿಯಾದ ಮಸಾಲೆ ದೋಸೆಯ ಪಕ್ಕ ಸಣ್ಣ ಬಟ್ಟಲಲ್ಲಿ ತುಪ್ಪ. ಬಿಸಿಬೇಳೆಬಾತು. ಬೆಳ್ಳಿಯ ಲೋಟದಲ್ಲಿ ಕಾಫಿ. ಮಧ್ಯಾಹ್ನದ ಊಟಕ್ಕೆ ಮೊದಲೇ ಹಣ ಕಟ್ಟಿ, ಸರತಿ ಬಂದಾಗ ಕೂತರೆ, ಮದುವೆ ಮನೆಯ ಪಂಕ್ತಿಯ ಹಾಗೆ ಒಂದಾದ ಮೇಲೊಂದು ಬಡಿಸಿಕೊಂಡು ಹೋಗುತ್ತಾರೆ.

1968ರಿಂದ 1980ರ ದಶಕ: ಬಾಗಿಲು ಮುಚ್ಚಿದ ಹೊತ್ತು

1968ರಲ್ಲಿ ಯಜ್ಞನಾರಾಯಣ ಮಯ್ಯರು ನಿಧನರಾದರು. ಹೊಣೆ ಮುಂದಿನ ತಲೆಮಾರಿನ ಹರಿಶ್ಚಂದ್ರ ಮಯ್ಯರಿಗೆ ಬಂತು. ಹಿರಿಯರು ಹಾಕಿದ ಕಟ್ಟುಪಾಡನ್ನು ಅವರು ಸಡಿಲಿಸಲಿಲ್ಲ.

1975ರಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಹೋಟೆಲುಗಳಲ್ಲಿ ತಿಂಡಿ, ಊಟದ ಬೆಲೆಯನ್ನು ಬಹಳ ಕೆಳಮಟ್ಟಕ್ಕೆ ನಿಗದಿಮಾಡಲಾಯಿತು. ಬಡವರಿಗೆ ಅಗ್ಗದಲ್ಲಿ ಊಟ ಸಿಗಲಿ ಎಂಬ ಉದ್ದೇಶ ಅದರ ಹಿಂದಿತ್ತು. ಆದರೆ ಒಳ್ಳೆಯ ತುಪ್ಪ, ಒಳ್ಳೆಯ ಕಾಫಿಬೀಜ ಬಳಸುವ ಅಡುಗೆಮನೆಗೆ ಆ ಬೆಲೆ ಗಿಟ್ಟುತ್ತಿರಲಿಲ್ಲ. ಹೋಟೆಲಿನವರ ಮುಂದೆ ಎರಡು ದಾರಿಗಳಿದ್ದವು. ಪದಾರ್ಥದ ಗುಣ ಇಳಿಸುವುದು, ಇಲ್ಲವೇ ನಷ್ಟ ಉಣ್ಣುವುದು. ಎಂಟಿಆರ್ ಎರಡನೆಯದನ್ನು ಆರಿಸಿಕೊಂಡಿತು. ಹಳೆಯ ಗುಣಮಟ್ಟದಲ್ಲೇ ಹೊಸ ಬೆಲೆಗೆ ಬಡಿಸುತ್ತ, ದಿನದಿನವೂ ಆದ ನಷ್ಟವನ್ನು ಬಾಗಿಲ ಹೊರಗೆ ಫಲಕದ ಮೇಲೆ ಬರೆದು ಇಟ್ಟಿತು. ಅಡುಗೆಮನೆಯನ್ನು ಜನರ ಕಣ್ಣಿಗೆ ತೆರೆದಿಟ್ಟ ಸಂಸ್ಥೆ ಲೆಕ್ಕದ ಪುಸ್ತಕವನ್ನೂ ಹಾಗೆಯೇ ತೆರೆದಿಟ್ಟಿತು. ಕೆಲವು ದಿನಗಳ ನಂತರ ಹೀಗೆ ಮುಂದುವರಿಯುವುದು ಸಾಧ್ಯವಾಗದೆ ಬಾಗಿಲು ಹಾಕಿತು.

ಹೋಟೆಲು ಮುಚ್ಚಿದಾಗ ಎದ್ದ ದೊಡ್ಡ ಪ್ರಶ್ನೆ ಕೆಲಸಗಾರರದು. ಭಟ್ಟರು, ಸಪ್ಲೈಯರುಗಳು, ಪಾತ್ರೆ ತೊಳೆಯುವವರು ಇದನ್ನೇ ನಂಬಿದ್ದವರು. ಅವರ ಕೈಗೆ ಕೆಲಸ ಕೊಡಲು ಮಸಾಲೆ ಪುಡಿ, ರವೆ ಇಡ್ಲಿಯಂಥ ತಿಂಡಿಗಳ ಸಿದ್ಧ ಮಿಶ್ರಣಗಳನ್ನು ಪೊಟ್ಟಣ ಕಟ್ಟಿ ಮಾರುವ ವ್ಯವಹಾರಕ್ಕೆ ಸಂಸ್ಥೆ ಒತ್ತು ಕೊಟ್ಟಿತು. ಹೆಂಗಸರು ಹೊರಗೆ ದುಡಿಯಲು ಹೋಗುತ್ತಿದ್ದ ಮನೆಗಳಿಗೆ, ಪರವೂರಿನಲ್ಲಿದ್ದ ಮಕ್ಕಳಿಗೆ ಈ ಪೊಟ್ಟಣಗಳು ಹೇಳಿ ಮಾಡಿಸಿದಂತಿದ್ದವು. ಹೋಟೆಲಿನ ಅಡುಗೆಮನೆಯಲ್ಲಿ ಯುದ್ಧಕಾಲದ ಅಭಾವದಿಂದ ಹುಟ್ಟಿದ ರವೆ ಇಡ್ಲಿ, ಇನ್ನೊಂದು ಇಕ್ಕಟ್ಟಿನ ಕಾಲದಲ್ಲಿ ಕಾಗದದ ಪೊಟ್ಟಣ ಸೇರಿ ಮನೆಮನೆಗೆ ಹೋಯಿತು. 1980ರ ದಶಕದಲ್ಲಿ ಹೋಟೆಲು ಅದೇ ಕಟ್ಟಡದಲ್ಲಿ ಮತ್ತೆ ತೆರೆಯಿತು.

1980ರ ದಶಕದಿಂದ 2007: ಎರಡು ಕವಲು

ಮತ್ತೆ ಬಾಗಿಲು ತೆರೆಯುವ ಹೊತ್ತಿಗೆ ಬೆಂಗಳೂರಿನ ತಿನ್ನುವ ರೀತಿ ಬದಲಾಗುತ್ತಿತ್ತು. ಜಯನಗರದಲ್ಲಿ ಶುರುವಾದ ದರ್ಶಿನಿ ಪದ್ಧತಿ ಬಡಾವಣೆಯಿಂದ ಬಡಾವಣೆಗೆ ಹರಡಿತು. ನಿಂತುಕೊಂಡು ತಿನ್ನುವುದು, ತಾನೇ ತಟ್ಟೆ ಹಿಡಿದು ತರುವುದು, ಬೇಗ ಮುಗಿಸಿ ಹೋಗುವುದು ದರ್ಶಿನಿಯ ಕ್ರಮ. ಅಲ್ಲಿ ಅಡುಗೆಮನೆ ಗಾಜಿನ ಹಿಂದೆ, ಇಲ್ಲವೇ ಕಟ್ಟೆಯ ಹಿಂದೆ ಪೂರ್ತಿ ಕಾಣುತ್ತದೆ. ಯಜ್ಞನಾರಾಯಣ ಮಯ್ಯರು 1950ರ ದಶಕದಲ್ಲಿ ಹಿಡಿದ ದಾರಿ ಹೀಗೆ ಊರಿನ ಸಾಮಾನ್ಯ ರೂಢಿಯಾಯಿತು. ಇದೇ ವರ್ಷಗಳಲ್ಲಿ ಹಳೆಯ ದಂಡಿನ ಬೀದಿಗಳಲ್ಲಿ ಪಬ್ಬುಗಳು ತೆರೆದು, ಬೆಂಗಳೂರಿಗೆ ಹೊಸ ಹೆಸರು ತಂದವು. ಲಾಲ್‌ಬಾಗ್ ರಸ್ತೆಯ ಹೋಟೆಲು ಕೂತು ತಿನ್ನುವ, ಬಡಿಸಿಕೊಳ್ಳುವ ತನ್ನ ಕ್ರಮವನ್ನು ಬಿಡಲಿಲ್ಲ. 1943ರಲ್ಲಿ ಆರಂಭವಾದ ಗಾಂಧಿಬಜಾರಿನ ವಿದ್ಯಾರ್ಥಿ ಭವನದೊಂದಿಗೆ ದಕ್ಷಿಣ ಬೆಂಗಳೂರಿನ ಹಳೆಯ ಹೋಟೆಲು ಸಂಸ್ಕೃತಿಯನ್ನು ಅದು ಉಳಿಸಿಕೊಂಡು ಬಂತು.

ಈ ನಡುವೆ ಹೋಟೆಲು ಮತ್ತು ಸಿದ್ಧ ಆಹಾರದ ಉದ್ಯಮ ಎರಡೂ ದೊಡ್ಡದಾಗಿ, ಒಂದೇ ಕೈಯಲ್ಲಿ ನಡೆಸಲಾಗದಷ್ಟು ಬೆಳೆದವು. ಕುಟುಂಬದೊಳಗೆ ಹೊಣೆಗಳು ಬೇರೆಯಾದವು. ಹೋಟೆಲು ಹರಿಶ್ಚಂದ್ರ ಮಯ್ಯರ ಕಡೆ ಉಳಿಯಿತು, ಸಿದ್ಧ ಆಹಾರದ ಕಂಪನಿಯಾದ ಎಂಟಿಆರ್ ಫುಡ್ಸ್ ಅದೇ ಕುಟುಂಬದ ಸದಾನಂದ ಮಯ್ಯರ ನೇತೃತ್ವದಲ್ಲಿ ಮುನ್ನಡೆಯಿತು. ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಸೈನಿಕರಿಗಾಗಿ ರೂಪಿಸಿದ್ದ ತಂತ್ರಜ್ಞಾನವನ್ನು ಬಳಸಿ, ಬಿಸಿ ಮಾಡಿ ತಿನ್ನುವ ಊಟದ ಪೊಟ್ಟಣಗಳನ್ನು ಫುಡ್ಸ್ ಕಂಪನಿ ಮಾರುಕಟ್ಟೆಗೆ ತಂದಿತು. 2007ರಲ್ಲಿ ನಾರ್ವೆಯ ಆರ್ಕ್ಲಾ ಸಂಸ್ಥೆ ಆ ಕಂಪನಿಯನ್ನು ಕೊಂಡಿತು. ಸದಾನಂದ ಮಯ್ಯರು ಆಮೇಲೆ ಮಯ್ಯಾಸ್ ಹೆಸರಿನಲ್ಲಿ ಹೊಸ ಉದ್ಯಮ ಕಟ್ಟಿದರು. ಜಯನಗರ 4ನೇ ಬ್ಲಾಕಿನ ಮಯ್ಯಾಸ್ ಹೋಟೆಲು ಆ ಪ್ರಯತ್ನದ ಫಲ. ಒಂದೇ ಬೇರಿನ ಎರಡು ಕವಲುಗಳೂ ದಕ್ಷಿಣ ಬೆಂಗಳೂರಿಗೆ ಉಣಿಸುವ ಕೆಲಸ ಮುಂದುವರಿಸಿದವು.

1999ರಿಂದ 2024: ಮೂರನೆಯ ತಲೆಮಾರು

1999ರಲ್ಲಿ ಹರಿಶ್ಚಂದ್ರ ಮಯ್ಯರು ತೀರಿಕೊಂಡ ಮೇಲೆ ಹೋಟೆಲಿನ ಹೊಣೆ ಅವರ ಮಗಳು ಹೇಮಮಾಲಿನಿ ಮಯ್ಯ ಮತ್ತು ಆಕೆಯ ಸಹೋದರರಾದ ವಿಕ್ರಮ್, ಅರವಿಂದ್ ಅವರದಾಯಿತು. ಗಂಡಸರೇ ನಡೆಸಿಕೊಂಡು ಬಂದಿದ್ದ ಹೋಟೆಲು ಉದ್ಯಮದಲ್ಲಿ ಹೆಣ್ಣುಮಗಳೊಬ್ಬಳು ಮುಂದೆ ನಿಂತು ಜವಾಬ್ದಾರಿ ಹೊತ್ತದ್ದು ಸಂಸ್ಥೆಯ ಇತಿಹಾಸದಲ್ಲಿ ಹೊಸ ಅಧ್ಯಾಯ. ದಶಕಗಳ ಕಾಲ ಲಾಲ್‌ಬಾಗಿನ ಆಸುಪಾಸಿಗೆ ಅಂಟಿಕೊಂಡಿದ್ದ ಹೋಟೆಲು ಈ ತಲೆಮಾರಿನಲ್ಲಿ ನಗರದ ಬೇರೆ ಬಡಾವಣೆಗಳಿಗೂ, 2013ರಲ್ಲಿ ಸಿಂಗಪುರಕ್ಕೂ, ಆಮೇಲೆ ದುಬೈ, ಲಂಡನ್ನುಗಳಿಗೂ ಹೋಯಿತು. ಪರದೇಶದಲ್ಲಿ ನೆಲೆಸಿದ ಕನ್ನಡಿಗರಿಗೆ ಊರಿನ ತಿಂಡಿ ಹತ್ತಿರವಾಯಿತು.

ಶಾಖೆಗಳು ಹೆಚ್ಚಿದಂತೆ ಮೂಲ ಕಟ್ಟಡದ ಬೆಲೆ ಇನ್ನಷ್ಟು ತಿಳಿಯಿತು. ಲಾಲ್‌ಬಾಗ್ ರಸ್ತೆಯ ಸುತ್ತಲ ಹಳೆಯ ಮನೆಗಳು ಬಿದ್ದು ಬಹುಮಹಡಿಗಳು ಎದ್ದವು, ವಾಹನಗಳು ಹೆಚ್ಚಿದವು. ಆದರೂ ಹೋಟೆಲು ತನ್ನ ಕೋಣೆಗಳನ್ನು ಒಡೆದು ಒಂದು ಮಾಡಲಿಲ್ಲ, ಅಮೃತಶಿಲೆಯ ಮೇಜುಗಳನ್ನು ಹೊರಗೆ ಹಾಕಲಿಲ್ಲ. ಬೆಂಗಳೂರಿನಲ್ಲಿ ಅರಮನೆ, ಕೋಟೆ, ಚರ್ಚು, ಕಚೇರಿಗಳಿಗೆ ಪಾರಂಪರಿಕ ಕಟ್ಟಡವೆಂಬ ಮನ್ನಣೆ ಸುಲಭವಾಗಿ ಸಿಗುತ್ತದೆ. ಜನಸಾಮಾನ್ಯರು ದಿನವೂ ಹೊಕ್ಕು ಬರುವ ಹೋಟೆಲು ಕಟ್ಟಡಗಳು ಆ ಪಟ್ಟಿಯಲ್ಲಿ ಕಾಣುವುದು ಕಡಿಮೆ. ನಗರದ ಸಾಮಾಜಿಕ ಇತಿಹಾಸ ಬರೆಯುವವರಿಗೆ ಇಂಥ ಕಟ್ಟಡಗಳು ಅಷ್ಟೇ ಮುಖ್ಯವಾದ ದಾಖಲೆಗಳು. ಯಾರು ಎಲ್ಲಿ ಕೂರುತ್ತಿದ್ದರು, ಯಾರ ಪಕ್ಕ ಕೂರುತ್ತಿದ್ದರು, ಅಡುಗೆ ಎಲ್ಲಿ ಆಗುತ್ತಿತ್ತು ಎಂಬ ಪ್ರಶ್ನೆಗಳಿಗೆ ಉತ್ತರ ಅವುಗಳ ಗೋಡೆಗಳಲ್ಲೇ ಇದೆ.

2024ರಲ್ಲಿ ಎಂಟಿಆರ್ ಸಂಸ್ಥೆಗೆ ನೂರು ತುಂಬಿತು. ಫುಡ್ಸ್ ಕಂಪನಿ ಆ ವರ್ಷ ಬೊಮ್ಮಸಂದ್ರದಲ್ಲಿ 123 ಅಡಿ ಉದ್ದದ ದೋಸೆ ಹುಯ್ಯಿಸಿ ಗಿನ್ನೆಸ್ ದಾಖಲೆ ಮಾಡಿತು. ಹೋಟೆಲಿನ ನೂರು ವರ್ಷಗಳ ಸಾಧನೆ ಇದಕ್ಕಿಂತ ದೈನಂದಿನವಾದದ್ದು. ಮನೆಯ ಹೊರಗೆ ಉಣ್ಣಲು ಅಂಜುತ್ತಿದ್ದ ಊರಿಗೆ ಅದು ನಂಬಿಕೆಯ ಜಾಗವೊಂದನ್ನು ಕೊಟ್ಟಿತು. ಆ ನಂಬಿಕೆಯನ್ನು ಮೊದಲು ಜಾತಿಯ ಹೆಸರಿನಿಂದ ಪಡೆದರೂ ಆಮೇಲೆ ತೆರೆದ ಅಡುಗೆಮನೆಯಿಂದ ಗಳಿಸಿ, ಎಲ್ಲರಿಗೂ ಒಂದೇ ಸರತಿಯ ಹೋಟೆಲಾಗಿ ಎರಡನೆಯ ಶತಮಾನಕ್ಕೆ ಕಾಲಿಟ್ಟಿದೆ.